ಗಾಡಿಗೆ ತುಕ್ಕು ಅಲ್ಲೇ ಯಾಕೆ ಹಿಡಿಯುತ್ತದೆ?

2019ರ ನವೆಂಬರಿನಲ್ಲಿ 22 ಚೀಲ ಶೇಂಗಾ ಹೇರಿಕೊಂಡು ಚಳ್ಳಕೆರೆ ಮಾರ್ಕೆಟ್ಟಿಗೆ ಹೊರಟಿದ್ದ ನಮ್ಮ ಪಿಕಪ್ ಗಾಡಿ ಊರು ಬಿಟ್ಟು ನಾಲ್ಕು ಕಿಲೋಮೀಟರಿಗೆ ಕುಸಿದು ಕೂತಿತು. ಓಡಿಸುತ್ತಿದ್ದವನು ಮಗ. ಹಳ್ಳದ ಹತ್ತಿರ ಒಂದು ಗುಂಡಿ ಇಳಿಸಿದ್ದಾನೆ, ಹಿಂದೆ ಢಬ್ ಅಂದಿದೆ. ನಾನು ಬೈಕಿನಲ್ಲಿ ಹೋಗಿ ಬಗ್ಗಿ ನೋಡಿದರೆ, ಎಡಗಡೆ ಕಮಾನು ಪ್ಲೇಟು ಕೂರುವ ಬ್ರಾಕೆಟ್ಟು ಚಾಸಿಯ ಒಂದು ತುಂಡನ್ನೇ ಕಿತ್ತುಕೊಂಡು ಬಂದಿತ್ತು. ಕಿತ್ತ ಅಂಚನ್ನು ಬೆರಳಲ್ಲಿ ಒತ್ತಿದೆ. ಹಳೇ ಹಪ್ಪಳದ ಹಾಗೆ ಪದರ ಪದರವಾಗಿ ಉದುರಿತು.

ಪುಣ್ಯಕ್ಕೆ ಹುಡುಗನಿಗೆ ಏನೂ ಆಗಲಿಲ್ಲ. ಅದೇ ಹೆದ್ದಾರಿಯಲ್ಲಿ ಕಿತ್ತಿದ್ದರೆ ಏನು ಗತಿ ಅಂತ ಈಗಲೂ ರಾತ್ರಿ ಒಮ್ಮೊಮ್ಮೆ ಯೋಚನೆ ಬರುತ್ತದೆ. ಚೀಲಗಳನ್ನು ಟ್ರ್ಯಾಕ್ಟರಿಗೆ ಬದಲಾಯಿಸಿ, ಗಾಡಿಯನ್ನು ಎಳೆಸಿಕೊಂಡು ಗ್ಯಾರೇಜಿಗೆ ಹೋದೆವು. ವೆಲ್ಡಿಂಗ್ ಮೇಸ್ತ್ರಿ ಕೆಳಗೆ ಮಲಗಿ ಸುತ್ತಿಗೆಯಲ್ಲಿ ನಾಲ್ಕು ಕಡೆ ಬಡಿದು ನೋಡಿ, ಹೊರಗೆ ಬಂದು ಕೇಳಿದ್ದು ಒಂದೇ ಮಾತು: "ಯಜಮಾನ್ರೆ, ಇದು ಮೀನಿನ ಗಾಡಿ ಅಲ್ವಾ?"

ಹೌದು. 2017ರಲ್ಲಿ ಕರಾವಳಿ ಕಡೆಯ ಒಬ್ಬ ದಲ್ಲಾಳಿಯಿಂದ ತಂದದ್ದು. 2011ರ ಮಾಡೆಲ್ಲು, ಕೆಎ-20 ನಂಬರು, ಅಂದರೆ ಉಡುಪಿ ಕಡೆಯ ರಿಜಿಸ್ಟ್ರೇಷನ್ನು. ತೊಳೆದು, ಕೆಳಗೆಲ್ಲಾ ಹೊಸ ಕರಿ ಪೇಂಟು ಹೊಡೆದು ಮಿರಮಿರ ಅನ್ನುವ ಹಾಗೆ ನಿಲ್ಲಿಸಿದ್ದರು. ನಾನು ನೋಡಿದ್ದು ಇಂಜಿನ್ನು, ಟೈರು, ಕಾಗದಪತ್ರ. ಎತ್ತು ಕೊಳ್ಳುವಾಗ ಹಲ್ಲು, ಸುಳಿ, ಗೊರಸು ಎಲ್ಲಾ ನೋಡುವವನು ಗಾಡಿಯ ಹೊಟ್ಟೆ ಕೆಳಗೆ ಬಗ್ಗಲಿಲ್ಲ.

ಅದೇ ವರ್ಷ ನನ್ನ ಬಾಮೈದ ಅದೇ ಕಂಪನಿಯ, ಅದೇ 2011ರ ಮಾಡೆಲ್ ಗಾಡಿಯನ್ನು ಬಳ್ಳಾರಿ ಕಡೆಯಿಂದ ತಂದಿದ್ದ. ಕೆಎ-34. ಅದು ನನ್ನದಕ್ಕಿಂತ ಹೆಚ್ಚು ಓಡಿತ್ತು, ಪೇಂಟು ಮಾಸಿ ನೋಡೋಕೆ ಭಿಕ್ಷುಕನ ಹಾಗಿತ್ತು. ನಾನು ನಕ್ಕಿದ್ದೆ. ಅದರ ಚಾಸಿ ಇವತ್ತಿಗೂ ಗಟ್ಟಿಯಾಗಿದೆ.

ಮೀನಿನ ಗಾಡಿಗೆ ತುಕ್ಕು ಹಿಡಿಯುತ್ತದೆ ಅನ್ನೋದು ಸರಿ. ಆದರೆ ಗಾಡಿ ನಮ್ಮೂರಿಗೆ ಬಂದು ಎರಡು ವರ್ಷ ಆಗಿತ್ತಲ್ಲ? ಚಳ್ಳಕೆರೆ ತಾಲ್ಲೂಕಿನಲ್ಲಿ ವರ್ಷಕ್ಕೆ 500 ಮಿ.ಮೀ. ಮಳೆಯೂ ಸರಿಯಾಗಿ ಬೀಳುವುದಿಲ್ಲ. ಇಂಥ ಒಣ ಊರಿಗೆ ಬಂದ ಮೇಲೂ ತುಕ್ಕು ಯಾಕೆ ನಿಲ್ಲಲಿಲ್ಲ? ಮತ್ತೆ, ಮೇಲೆ ಮೈಯೆಲ್ಲಾ ಸರಿಯಾಗಿದ್ದು ಆ ಒಂದು ಸಂದಿನಲ್ಲೇ ಯಾಕೆ ತಿಂದಿತು? ಇದನ್ನು ಮೇಸ್ತ್ರಿಯ ಹತ್ತಿರ, ನಮ್ಮ ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರ ಹತ್ತಿರ ಕೇಳಿ ಕೇಳಿ ತಿಳಿದುಕೊಂಡೆ. ನಾನು ಓದಿದ್ದು ಏಳನೇ ಕ್ಲಾಸು. ನನಗೆ ಅರ್ಥವಾದದ್ದು ಎಲ್ಲರಿಗೂ ಅರ್ಥವಾದೀತು ಅಂತ ಬರೆಯುತ್ತಿದ್ದೇನೆ.

ಕಬ್ಬಿಣ ಮಣ್ಣಿಗೆ ಮರಳುವುದು

ನಮ್ಮ ಕೆಂಪು ಹೊಲದ ಕೆಂಪು ಬಣ್ಣ ಯಾವುದರದ್ದು? ಕಬ್ಬಿಣದ್ದೇ. ಸಂಡೂರು ಗುಡ್ಡದ ಅದಿರೂ ಕಬ್ಬಿಣ ಮತ್ತು ಗಾಳಿಯ ಆಮ್ಲಜನಕ ಕೂಡಿ ಆದದ್ದು. ಅದನ್ನು ಕುಲುಮೆಯಲ್ಲಿ ಸುಟ್ಟು, ಆಮ್ಲಜನಕ ಬಿಡಿಸಿ ಕಬ್ಬಿಣ ಮಾಡುತ್ತಾರೆ. ಆ ಕಬ್ಬಿಣ ಸಮಯ ಸಿಕ್ಕರೆ ಮತ್ತೆ ಆಮ್ಲಜನಕದ ಜೊತೆ ಸೇರಿ ಮೊದಲಿನಂತೆ ಕೆಂಪು ಮಣ್ಣಾಗಲು ನೋಡುತ್ತದೆ. ಅದೇ ತುಕ್ಕು.

ಇದಕ್ಕೆ ಗಾಳಿ ಬೇಕು, ನೀರೂ ಬೇಕು. ಎರಡರಲ್ಲಿ ಒಂದಿಲ್ಲದಿದ್ದರೂ ಆಗುವುದಿಲ್ಲ. ಮೇಷ್ಟ್ರು ಮಕ್ಕಳಿಂದ ಮಾಡಿಸುವ ಪ್ರಯೋಗವನ್ನು ಮನೆಯಲ್ಲೇ ಮಾಡಬಹುದು. ಮೂರು ಬಾಟಲಿಯಲ್ಲಿ ಮೂರು ಹೊಸ ಮೊಳೆ. ಒಂದಕ್ಕೆ ಬರೀ ನೀರು, ಮೊಳೆ ಅರ್ಧ ಮುಳುಗುವಷ್ಟು. ಇನ್ನೊಂದಕ್ಕೆ ಚೆನ್ನಾಗಿ ಕುದಿಸಿದ ನೀರು ಪೂರ್ತಿ ಮುಳುಗುವಂತೆ, ಅದರ ಮೇಲೆ ಒಂದು ಬೆರಳು ಶೇಂಗಾ ಎಣ್ಣೆ. ಕುದಿಸಿದಾಗ ನೀರಿನೊಳಗಿನ ಗಾಳಿ ಹೋಗುತ್ತದೆ, ಎಣ್ಣೆ ಹೊಸ ಗಾಳಿಯನ್ನು ಬಿಡುವುದಿಲ್ಲ. ಮೂರನೆಯದು ಒಣ ಬಾಟಲಿ, ತಳದಲ್ಲಿ ಸ್ವಲ್ಪ ಸುಟ್ಟ ಸುಣ್ಣ ಹಾಕಿ ಬಿರಡೆ ಬಿಗಿಯಬೇಕು. ಒಂದು ವಾರ ಬಿಟ್ಟು ನೋಡಿ. ಮೊದಲನೆಯದು ಮಾತ್ರ ಕೆಂಪಾಗಿರುತ್ತದೆ.

ಇಲ್ಲಿವರೆಗೆ ಎಲ್ಲರಿಗೂ ಗೊತ್ತಿರುವ ವಿಷಯ. ನನಗೆ ಗೊತ್ತಿರದೇ ಇದ್ದದ್ದು ಮುಂದಿನದು.

ತುಕ್ಕು ಹಿಡಿಯುವುದು ಅಂದರೆ ಒಂದು ಸಣ್ಣ ಸೆಲ್ಲು ಕೆಲಸ ಮಾಡಿದ ಹಾಗೆ, ನಮ್ಮ ಟಾರ್ಚಿನ ಸೆಲ್ಲಿನ ಹಾಗೆ. ಕಬ್ಬಿಣದ ತಗಡಿನ ಮೇಲೆ ಒಂದು ಹನಿ ಉಪ್ಪುನೀರು ಕೂತಿದೆ ಅನ್ನಿ. ಹನಿಯ ಅಂಚಿಗೆ ಗಾಳಿ ಚೆನ್ನಾಗಿ ಸಿಗುತ್ತದೆ, ನಡುಮಧ್ಯಕ್ಕೆ ಕಡಿಮೆ. ಈ ವ್ಯತ್ಯಾಸದಿಂದಲೇ ನಡುವಿನಿಂದ ಅಂಚಿಗೆ ಸಣ್ಣ ಕರೆಂಟು ಹರಿಯುತ್ತದೆ. ಕಬ್ಬಿಣ ಕರಗುವುದು ಗಾಳಿ ಕಡಿಮೆ ಇರುವ ನಡುವಿನಲ್ಲಿ. ಕೆಂಪು ಪುಡಿ ಕೂರುವುದು ಆಚೆ, ಉಂಗುರದ ಹಾಗೆ. 1920ರ ದಶಕದಲ್ಲಿ ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಇವಾನ್ಸ್ ಎಂಬ ವಿಜ್ಞಾನಿ ಒಂದು ಹನಿ ಇಟ್ಟುಕೊಂಡು ಇದನ್ನು ತೋರಿಸಿಕೊಟ್ಟರಂತೆ.

ಅಂದರೆ ಕೆಂಪು ಕಾಣುವ ಜಾಗ ಒಂದು, ತಿಂದುಹೋಗುವ ಜಾಗ ಇನ್ನೊಂದು ಇರಬಹುದು. ಗಾಳಿಯೂ ನೀರೂ ಬೇಕು ಅಂತ ಹೇಳಿದವನೇ, ಗಾಳಿ ಕಡಿಮೆ ಇರುವ ಕಡೆ ಹೆಚ್ಚು ತಿನ್ನುತ್ತದೆ ಅಂತ ಹೇಳಿದರೆ ವಿಚಿತ್ರ ಅನ್ನಿಸಬಹುದು. ನನಗೂ ಅನ್ನಿಸಿತು. ಆದರೆ ಹೊಲದ ಬೇಲಿಗೆ ಹಾಕಿದ ಕಬ್ಬಿಣದ ಆಂಗಲ್ ನೋಡಿ. ಗಾಳಿಗೆ ನಿಂತ ಮೇಲಿನ ಭಾಗ ಬರೀ ಕೆಂಪಾಗುತ್ತದೆ. ಮುರಿಯುವುದು ಮಣ್ಣಿನ ಮಟ್ಟದಲ್ಲಿ, ತೇವ ಮಣ್ಣು ಅಪ್ಪಿಕೊಂಡ ಜಾಗದಲ್ಲಿ.

ಗಾಡಿಯಲ್ಲಿ ಆ ಜಾಗ ಯಾವುವು

ಇದು ತಲೆಗೆ ಹೋದ ಮೇಲೆ ಗಾಡಿ ನೋಡುವ ಕಣ್ಣೇ ಬದಲಾಯಿತು. ಮಳೆ ಬೀಳುವ ಬಾನೆಟ್ಟು, ಟಾಪು ಒದ್ದೆಯಾಗುತ್ತವೆ, ಅರ್ಧ ಗಂಟೆಯಲ್ಲಿ ಒಣಗುತ್ತವೆ. ತುಕ್ಕಿಗೆ ಬೇಕಾದದ್ದು ಒದ್ದೆಯಾಗುವ ಜಾಗ ಅಲ್ಲ, ಒಣಗದ ಜಾಗ.

ಬಾಗಿಲ ಕೆಳ ಅಂಚು ಮೊದಲನೆಯದು. ಗ್ಲಾಸಿನ ಮೇಲೆ ಬಿದ್ದ ಮಳೆನೀರು ರಬ್ಬರ್ ಬೀಡಿಂಗ್ ಸಂದಿನಿಂದ ಬಾಗಿಲ ಒಳಗೇ ಇಳಿಯುತ್ತದೆ. ಇಳಿಯಲೇಬೇಕು, ಎಲ್ಲಾ ಗಾಡಿಯಲ್ಲೂ ಇಳಿಯುತ್ತದೆ. ಅದಕ್ಕಾಗಿ ಕಂಪನಿಯವರು ಬಾಗಿಲ ತಳದಲ್ಲಿ ಎರಡು ಮೂರು ಸಣ್ಣ ತೂತು ಬಿಟ್ಟಿರುತ್ತಾರೆ. ನಮ್ಮ ಕಡೆಯ ಧೂಳು ಆ ತೂತಿನಲ್ಲಿ ಕೂತು ಗಟ್ಟಿಯಾಗುತ್ತದೆ. ಆಮೇಲೆ ಬಾಗಿಲು ತೊಟ್ಟಿಯಾಗುತ್ತದೆ. ಹೊರಗೆ ಪೇಂಟು ಗುಳ್ಳೆ ಎದ್ದಾಗ ನಾವು ನೋಡುತ್ತೇವೆ, ಅಷ್ಟರಲ್ಲಿ ಒಳಗಿನಿಂದ ತಗಡು ಜಾಲರಿ ಆಗಿರುತ್ತದೆ. ಬಾಗಿಲ ತೂತನ್ನು ಸೈಕಲ್ ಕಡ್ಡಿಯಿಂದ ಬಿಡಿಸಿ. ಎರಡು ನಿಮಿಷದ ಕೆಲಸ.

ಚಕ್ರದ ಮೇಲಿನ ಕಮಾನಿನ ಒಳಮಡಿಕೆ ಇನ್ನೊಂದು. ಚಕ್ರ ಎರಚಿದ ಕೆಸರು ಆ ಮಡಿಕೆಯಲ್ಲಿ ಅಂಟಿಕೊಂಡು ತಿಂಗಳುಗಟ್ಟಲೆ ತಂಪು ಹಿಡಿದಿರುತ್ತದೆ. ಮುಂದಿನ ಗ್ಲಾಸಿನ ಕೆಳಗಿನ ಕಾಲುವೆಯಂಥ ಜಾಗದಲ್ಲಿ ಎಲೆ ಕೊಳೆಯುತ್ತದೆ. ಹುಣಸೆ, ಬೇವಿನ ಮರದ ಕೆಳಗೆ ನಿಲ್ಲಿಸುವವರು ಅಲ್ಲಿ ಕೈ ಹಾಕಿ ನೋಡಿ, ಗೊಬ್ಬರವೇ ಸಿಗುತ್ತದೆ. ಕ್ಯಾಬಿನ್ನಿನ ಮ್ಯಾಟಿನ ಅಡಿ, ಒದ್ದೆ ಕಾಲು ಇಡುವ ಜಾಗ. ಬ್ಯಾಟರಿ ಕೂರುವ ತಟ್ಟೆ, ಅಲ್ಲಿ ಆ್ಯಸಿಡ್ಡಿನ ಕೆಲಸ.

ಸೈಲೆನ್ಸರ್ ಒಳಗಿನಿಂದ ತಿನ್ನುತ್ತದೆ. ಒಂದು ಲೀಟರ್ ಡೀಸೆಲ್ ಉರಿದರೆ ಹೆಚ್ಚು ಕಡಿಮೆ ಒಂದು ಲೀಟರ್ ನೀರಿನಷ್ಟು ಆವಿ ಹುಟ್ಟುತ್ತದೆ. ದೂರ ಓಡಿದರೆ ಸೈಲೆನ್ಸರ್ ಕಾದು ಆ ಆವಿ ಹೊರಗೆ ಹೋಗುತ್ತದೆ. ಮನೆಯಿಂದ ಹೊಲ, ಹೊಲದಿಂದ ಮನೆ ಅಂತ ಒಂದು ಕಿಲೋಮೀಟರು ಓಡಿಸಿ ನಿಲ್ಲಿಸಿದರೆ ಒಳಗೇ ನೀರಾಗಿ ನಿಲ್ಲುತ್ತದೆ. ಕಡಿಮೆ ಓಡಿದ ಗಾಡಿಯ ಸೈಲೆನ್ಸರ್ ಬೇಗ ತೂತಾಗುವುದಕ್ಕೆ ಇದೂ ಒಂದು ಕಾರಣ.

ಎಲ್ಲಕ್ಕಿಂತ ಅಪಾಯ ಎರಡು ತಗಡು ಒಂದರ ಮೇಲೊಂದು ಕೂತು ವೆಲ್ಡ್ ಆಗಿರುವ ಅಥವಾ ಬೋಲ್ಟು ಹಾಕಿರುವ ಜಾಗ. ನಮ್ಮ ಗಾಡಿ ಮುರಿದದ್ದು ಅಲ್ಲೇ. ಚಾಸಿಗೂ ಬ್ರಾಕೆಟ್ಟಿಗೂ ನಡುವೆ ಕಾಗದದಷ್ಟು ಸಂದು. ಪೇಂಟಿನ ಬ್ರಷ್ಷು ಅಲ್ಲಿಗೆ ಹೋಗುವುದಿಲ್ಲ, ಬಿಸಿಲು ಗಾಳಿ ಹೋಗುವುದಿಲ್ಲ, ನೀರು ಮಾತ್ರ ತಾನೇ ಎಳೆದುಕೊಂಡು ಹೋಗುತ್ತದೆ, ದೀಪದ ಬತ್ತಿಗೆ ಎಣ್ಣೆ ಏರುವ ಹಾಗೆ. ಒಳಗೆ ಗಾಳಿ ಕಡಿಮೆ, ಬಾಯಲ್ಲಿ ಗಾಳಿ ಹೆಚ್ಚು. ಹನಿಯ ಕಥೆಯೇ. ಜೊತೆಗೆ ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಎರಡರಿಂದ ಆರು ಪಟ್ಟು ಜಾಗ ಕೇಳುತ್ತದೆ. ಗೋಡೆ ಬಿರುಕಿನಲ್ಲಿ ಅರಳಿ ಗಿಡದ ಬೇರು ಹಿಗ್ಗಿದ ಹಾಗೆ ಅದು ಹಿಗ್ಗಿ ಸಂದನ್ನು ಅಗಲ ಮಾಡುತ್ತದೆ, ಇನ್ನಷ್ಟು ನೀರು ಹೋಗುತ್ತದೆ.

ಊರಿನ ಹವೆ ಮಾಡುವ ಕೆಲಸ

ಇನ್ನು ಹವೆಯ ವಿಚಾರ. ಮಳೆ ಎಷ್ಟು ಬಿತ್ತು ಅನ್ನುವುದಕ್ಕಿಂತ, ದಿನಕ್ಕೆ ಎಷ್ಟು ಗಂಟೆ ಕಬ್ಬಿಣ ತೇವವಾಗಿರುತ್ತದೆ ಅನ್ನುವುದೇ ಲೆಕ್ಕ. ಬರಿಗಣ್ಣಿಗೆ ಒಣಗಿದಂತೆ ಕಂಡರೂ, ಗಾಳಿಯ ತೇವಾಂಶ ಶೇ. 60 ದಾಟಿದರೆ ಕಬ್ಬಿಣದ ಮೇಲೆ ಕಾಣದಷ್ಟು ತೆಳುವಾದ ನೀರಿನ ಪದರ ಕೂರುತ್ತದೆ, ತುಕ್ಕು ಚುರುಕಾಗುತ್ತದೆ. ಮಂಗಳೂರು, ಉಡುಪಿ ಕಡೆ ವರ್ಷಕ್ಕೆ 3,500 ಮಿ.ಮೀ. ಮೇಲೆ ಮಳೆ. ಮಳೆಗಾಲದ ನಾಲ್ಕು ತಿಂಗಳು ಗಾಡಿಯ ಹೊಟ್ಟೆ ಒಣಗುವುದೇ ಇಲ್ಲ, ಬೇಸಿಗೆಯಲ್ಲೂ ಸೆಖೆಯ ತೇವ ಬಿಡುವುದಿಲ್ಲ. ನಮ್ಮ ಕಡೆ ಮಳೆ ಬಂದರೂ ಮಾರನೇ ದಿನ ಬಿಸಿಲು. ಚಳಿಗಾಲದಲ್ಲಿ ಇಬ್ಬನಿ ಬೀಳುತ್ತದೆ, ಬೆಳಿಗ್ಗೆ ಒಂಬತ್ತಕ್ಕೆಲ್ಲಾ ಆರಿಹೋಗುತ್ತದೆ.

ಆದರೆ ಬರೀ ನೀರಿಗಿಂತ ದೊಡ್ಡ ಶತ್ರು ಉಪ್ಪು. ಉಪ್ಪು ನೀರಿನಲ್ಲಿ ಕರೆಂಟು ಸುಲಭವಾಗಿ ಹರಿಯುತ್ತದೆ, ಸೆಲ್ಲು ಜೋರಾಗಿ ಕೆಲಸ ಮಾಡುತ್ತದೆ. ಇನ್ನೊಂದು, ಉಪ್ಪು ಗಾಳಿಯಿಂದಲೇ ನೀರು ಕುಡಿಯುತ್ತದೆ. ಮಳೆಗಾಲದಲ್ಲಿ ಉಪ್ಪಿನ ಮಡಕೆ ಒದ್ದೆಯಾಗುವುದು ಎಲ್ಲಾ ಮನೆಯಲ್ಲೂ ನೋಡಿದ್ದೇವೆ. ಶುದ್ಧ ಅಡುಗೆ ಉಪ್ಪು ತೇವಾಂಶ ಶೇ. 75ರ ಹತ್ತಿರ ಬಂದಾಗ ಕರಗಲು ಶುರುವಾಗುತ್ತದೆ. ಕಡಲ ನೀರಿನಲ್ಲಿ ಅದೊಂದೇ ಇಲ್ಲ, ಮೆಗ್ನೀಸಿಯಂ ಕ್ಲೋರೈಡ್ ಎಂಬ ಇನ್ನೊಂದು ಲವಣವಿದೆ. ಅದು ಶೇ. 35ರ ಆಸುಪಾಸಿನಲ್ಲೇ ನೀರು ಎಳೆಯುತ್ತದೆ. ಚಳ್ಳಕೆರೆಯಲ್ಲಿ ಕಡು ಬೇಸಿಗೆ ಮಧ್ಯಾಹ್ನ ಬಿಟ್ಟರೆ ಬೇರೆ ಹೊತ್ತಿನಲ್ಲಿ, ಅದರಲ್ಲೂ ರಾತ್ರಿ, ಅಷ್ಟು ತೇವ ಗಾಳಿಯಲ್ಲಿ ಇದ್ದೇ ಇರುತ್ತದೆ.

ನನ್ನ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಇಲ್ಲಿ. ಆರು ವರ್ಷ ಮೀನಿನ ಪೆಟ್ಟಿಗೆಯಿಂದ ಸೋರಿದ ಐಸಿನ ಉಪ್ಪು ನೀರು ಆ ಸಂದುಗಳಲ್ಲಿ ಇಳಿದು ಕೂತಿತ್ತು. ನಾನು ಗಾಡಿಯನ್ನು ಮಾತ್ರ ತಂದೆ ಅಂದುಕೊಂಡಿದ್ದೆ. ಅದರ ಜೊತೆ ಒಂದು ಚಮಚ ಕಡಲೂ ಬಂದಿತ್ತು. ಮೇಲೆ ಹೊಡೆದ ಕರಿ ಪೇಂಟು ಆ ಉಪ್ಪನ್ನು ಒಳಗೇ ಮುಚ್ಚಿ ಕಾಪಾಡಿತು.

ಕಡಲ ಗಾಳಿಯ ಉಪ್ಪು ಬಹಳ ದೂರ ಬರುವುದಿಲ್ಲ. ಹೆಚ್ಚಿನ ಪಾಲು ದಂಡೆಯಿಂದ ಮೊದಲ ಕೆಲವು ಕಿಲೋಮೀಟರಿನಲ್ಲೇ ಇಳಿದುಬಿಡುತ್ತದೆ. ಹಾಗಾಗಿ ಕರಾವಳಿ ಜಿಲ್ಲೆಯ ಗಾಡಿ ಎಂದ ಮಾತ್ರಕ್ಕೆ ಎಲ್ಲವೂ ಕೆಟ್ಟದ್ದಲ್ಲ, ಘಟ್ಟದ ಬುಡದ ತೋಟದ ಮನೆಯ ಜೀಪು ಬೇರೆ, ಬಂದರಿನ ಗಾಡಿ ಬೇರೆ. ತಮಿಳುನಾಡಿನ ಕಾರೈಕುಡಿಯಲ್ಲಿ ಕೇಂದ್ರ ಸರ್ಕಾರದ ವಿದ್ಯುತ್ ರಾಸಾಯನಿಕ ಸಂಶೋಧನಾ ಸಂಸ್ಥೆ ಇದೆ. ಅಲ್ಲಿಯವರು ದೇಶದ ಬೇರೆ ಬೇರೆ ಊರುಗಳಲ್ಲಿ ಲೋಹದ ತುಂಡುಗಳನ್ನು ಬಯಲಿಗಿಟ್ಟು, ಎಷ್ಟು ಸವೆಯಿತು ಅಂತ ತೂಗಿ ನೋಡಿ ಭಾರತದ ತುಕ್ಕಿನ ನಕ್ಷೆಯನ್ನೇ ಮಾಡಿದ್ದಾರೆ. ಮಳೆಯ ನಕ್ಷೆ, ಮಣ್ಣಿನ ನಕ್ಷೆ ಇರುವ ಹಾಗೆ.

ಕಡಲೇ ಇಲ್ಲದ ಕಡೆಯೂ ಇದೇ ಕಥೆ ಇದೆ. ಅಮೆರಿಕದ ಉತ್ತರದ ರಾಜ್ಯಗಳಲ್ಲಿ, ಕೆನಡಾದಲ್ಲಿ ಚಳಿಗಾಲಕ್ಕೆ ರಸ್ತೆ ಮೇಲೆ ಹಿಮ ಗಟ್ಟಿಯಾಗದಿರಲಿ ಎಂದು ಉಪ್ಪು ಸುರಿಯುತ್ತಾರೆ. ಅಲ್ಲಿನ ಕಾರುಗಳು ಕೆಳಗಿನಿಂದ ತಿಂದುಹೋಗುತ್ತವೆ. ಅದೇ ದೇಶದ ಅರಿಜೋನಾ ಮರುಭೂಮಿಯಲ್ಲಿ ಐವತ್ತು ವರ್ಷದ ಹಳೇ ಕಾರಿನ ತಗಡು ಗಟ್ಟಿ ಇರುತ್ತದಂತೆ.

ನಮ್ಮ ಒಣಸೀಮೆಗೂ ಅದರದ್ದೇ ರೋಗ ಉಂಟು. ಇಲ್ಲಿ ತುಕ್ಕು ಮೇಲಿನಿಂದ ಬರುತ್ತದೆ. ವರ್ಷವಿಡೀ ಬಿಸಿಲಿಗೆ ಪೇಂಟು ಸುಣ್ಣದ ಹಾಗೆ ಪುಡಿಯಾಗುತ್ತದೆ, ರಬ್ಬರು ಸೀಳುತ್ತದೆ. ಆ ಸೀಳಿನಲ್ಲಿ ಇಬ್ಬನಿ ಇಳಿಯುತ್ತದೆ. ಬಾಮೈದನ ಗಾಡಿಯ ಹೊಟ್ಟೆ ಗಟ್ಟಿ ಇದ್ದರೂ ಟಾಪಿನ ಮೇಲೆ ಕೆಂಪು ಚುಕ್ಕಿ ಎದ್ದಿದ್ದು ಹಾಗೆ.

ನಮ್ಮ ಹಟ್ಟಿಯಲ್ಲೇ ಇರುವ ಕಡಲು

ಇಷ್ಟೆಲ್ಲಾ ತಿಳಿದ ಮೇಲೆ ಮನೆಯ ಟ್ರ್ಯಾಕ್ಟರ್ ಟ್ರೈಲರ್ ಕಡೆ ನೋಡಿದೆ. ಅದು ಯಾವ ಕಡಲನ್ನೂ ನೋಡಿಲ್ಲ. ಆದರೂ ಅದರ ಮೂಲೆ ನಾಲ್ಕೂ ತಿಂದುಹೋಗಿವೆ, ನಡುಭಾಗ ಸರಿಯಾಗಿದೆ. ಮೂಲೆಯಲ್ಲಿ ಕೂರುವುದು ಏನು? ಹರಿದ ಚೀಲದಿಂದ ಉದುರಿದ ಗೊಬ್ಬರ. ನಾವು ಹಾಕುವ ಪೊಟ್ಯಾಷ್, ಅಂದರೆ ಎಂಒಪಿ, ಅಡುಗೆ ಉಪ್ಪಿನ ಅಣ್ಣತಮ್ಮನೇ. ಅದರ ತೂಕದಲ್ಲಿ ಅರ್ಧದ ಹತ್ತಿರ ಕ್ಲೋರೈಡ್. ಯೂರಿಯಾ ಚೀಲದ ಬಾಯಿ ಬಿಟ್ಟರೆ ರಾತ್ರಿಯೊಳಗೆ ನೀರೊಡೆಯುತ್ತದೆ. ಶೇಂಗಾಕ್ಕೆ ಹಾಕುವ ಜಿಪ್ಸಂ ಮೂಲೆಯಲ್ಲಿ ಮೆತ್ತಿಕೊಂಡು ತೇವ ಹಿಡಿಯುತ್ತದೆ. ತಿಪ್ಪೆಗೊಬ್ಬರದ ಹಸಿ, ಗಂಜಲ ಇದ್ದೇ ಇದೆ. ಗೊಬ್ಬರ ಇಳಿಸಿದ ದಿನವೇ ಮೂಲೆ ಗುಡಿಸಿ ತೊಳೆಯದಿದ್ದರೆ ಟ್ರೈಲರ್ ಬಂದರಿನಲ್ಲಿ ನಿಂತ ಹಾಗೇ.

ತೊಳೆಯುವುದರಲ್ಲೂ ನಾನು ತಪ್ಪು ಮಾಡುತ್ತಿದ್ದೆ. ನಮ್ಮ ಬೋರಿನ ನೀರು ಸವುಳು. ಆರಿದ ಮೇಲೆ ಬಿಳಿ ಕಲೆ ಉಳಿಯುತ್ತದೆ, ಅದು ಲವಣವೇ. ಈಗ ಮೊದಲು ಬೋರಿನ ನೀರಲ್ಲಿ ಕೆಸರು ಬಿಡಿಸಿ, ಕೊನೆಗೆ ಎರಡು ಕೊಡ ಮಳೆನೀರಿನ ತೊಟ್ಟಿಯದ್ದೋ ಕೃಷಿಹೊಂಡದ್ದೋ ಸುರಿದು, ಬಾಗಿಲು ತೆಗೆದು ಬಿಸಿಲಿಗೆ ನಿಲ್ಲಿಸುತ್ತೇವೆ. ಒಣಗುವುದು ತೊಳೆಯುವಷ್ಟೇ ಮುಖ್ಯ. ಒದ್ದೆ ಗಾಡಿಗೆ ಪ್ಲಾಸ್ಟಿಕ್ ಟಾರ್ಪಾಲು ಬಿಗಿದು ಕಟ್ಟುವವರನ್ನು ನೋಡಿದ್ದೇನೆ. ಅದು ಕೂಳೆ ಮುಚ್ಚಿ ಗೊಬ್ಬರ ಮಾಡುವ ಕ್ರಮ, ಗಾಡಿ ಉಳಿಸುವ ಕ್ರಮ ಅಲ್ಲ. ತಿಪ್ಪೆ ಪಕ್ಕ, ಹಸಿ ಹುಲ್ಲಿನ ಮೇಲೆ ನಿಲ್ಲಿಸುವುದೂ ಬೇಡ.

ಹಳೇ ಇಂಜಿನ್ ಆಯಿಲ್ ಚಾಸಿಗೆ ಬಳಿಯುವ ರೂಢಿ ನಮ್ಮಲ್ಲಿ ಇದೆ. ನೀರು ತಾಗದಂತೆ ತಡೆಯುತ್ತದೆ, ಸುಳ್ಳಲ್ಲ. ಆದರೆ ಕೆಸರು, ಉಪ್ಪು ತೆಗೆಯದೆ ಬಳಿದರೆ ನನ್ನ ಕರಿ ಪೇಂಟಿನ ಗತಿಯೇ. ರಬ್ಬರ್ ಬುಷ್ಷುಗಳು ಆಯಿಲಿಗೆ ಊದಿ ಹಾಳಾಗುತ್ತವೆ, ಸೋರಿದ್ದು ನಮ್ಮ ಮಣ್ಣಿಗೇ ಬೀಳುತ್ತದೆ. ಮೇಸ್ತ್ರಿ ಹೇಳುವುದು: ವೈರ್ ಬ್ರಷ್ಷಿನಲ್ಲಿ ಕಬ್ಬಿಣದ ಬಿಳುಪು ಕಾಣುವವರೆಗೆ ಉಜ್ಜಿ, ತೊಳೆದು, ಪೂರ್ತಿ ಆರಿದ ಮೇಲೆ ಪ್ರೈಮರ್, ಅದರ ಮೇಲೆ ಪೇಂಟು. ಸತುವಿನ ಪ್ರೈಮರ್ ಸಿಕ್ಕರೆ ಇನ್ನೂ ಒಳ್ಳೇದು. ಜಿಐ ಬಕೆಟ್ಟಿಗೆ ಇರುವುದೂ ಸತುವೇ. ಗೀರು ಬಿದ್ದರೂ ಮೊದಲು ತಾನು ಸವೆದು ಕಬ್ಬಿಣವನ್ನು ಉಳಿಸುತ್ತದೆ. ಈಚಿನ ಎಷ್ಟೋ ಕಾರುಗಳ ತಗಡಿಗೆ ಕಂಪನಿಯಲ್ಲೇ ಸತು ಹಾಕಿ ಬರುತ್ತದೆ, ಅದಕ್ಕೇ ಅವು ಹಿಂದಿನವಕ್ಕಿಂತ ಹೆಚ್ಚು ತಡೆಯುತ್ತವೆ.

ಹಳೇ ಗಾಡಿ ಕೊಳ್ಳುವವರು ಆರ್‌ಸಿಯಲ್ಲಿ ಗಾಡಿ ಮೊದಲು ಯಾವ ಊರಲ್ಲಿತ್ತು, ಏನು ಹೇರುತ್ತಿತ್ತು ವಿಚಾರಿಸಿ. ಜೊತೆಗೆ ಒಂದು ಸಣ್ಣ ಸುತ್ತಿಗೆ, ಒಂದು ಅಯಸ್ಕಾಂತ ಇಟ್ಟುಕೊಳ್ಳಿ. ಗಟ್ಟಿ ಚಾಸಿ ಟಣ್ ಅನ್ನುತ್ತದೆ, ತಿಂದದ್ದು ಒಡೆದ ಮಡಕೆಯ ಹಾಗೆ ಮಂಕಾಗಿ ಸದ್ದು ಕೊಡುತ್ತದೆ. ಅಯಸ್ಕಾಂತಕ್ಕೆ ಬಟ್ಟೆ ಸುತ್ತಿ ಬಾಗಿಲ ಕೆಳಗೆ, ಚಕ್ರದ ಕಮಾನಿನ ಮೇಲೆ ಆಡಿಸಿ. ಹಿಡಿಯದಿದ್ದರೆ ಅಲ್ಲಿರುವುದು ತಗಡಲ್ಲ, ಪುಟ್ಟಿ. ಮ್ಯಾಟು ಎತ್ತಿ ನೋಡಿ. ಮೈ ಹಳತಾಗಿದ್ದು ಹೊಟ್ಟೆಯ ಕೆಳಗೆ ಮಾತ್ರ ಹೊಸ ಕರಿ ಪೇಂಟು ಇದ್ದರೆ ಮಾರುವವನು ಬಡಿದು ನೋಡಲು ಬಿಡುತ್ತಾನೋ ಇಲ್ಲವೋ ಕೇಳಿ. ನನ್ನನ್ನು ಕೇಳಿದರೆ, ಬೇಡ ಅಂದವನ ಗಾಡಿ ಬೇಡವೇ ಬೇಡ.

ನಮ್ಮ ಗಾಡಿಗೆ ಮೇಸ್ತ್ರಿ ತಿಂದ ಭಾಗವನ್ನೆಲ್ಲಾ ಕತ್ತರಿಸಿ ತೆಗೆದು ಹೊಸ ಚಾನಲ್ ಕೂರಿಸಿದರು. ತುಕ್ಕಿನ ಮೇಲೇ ತೇಪೆ ಹಾಕಿ ಅಂತ ನಾನು ಕೇಳಿದ್ದಕ್ಕೆ, "ಕೊಳೆತ ಹಲ್ಲಿಗೆ ಬಂಗಾರ ಕಟ್ಟಬಾರದು ಯಜಮಾನ್ರೆ" ಅಂದರು. ಖರ್ಚು 38 ಸಾವಿರ ಬಂತು, ಆ ವರ್ಷದ ಶೇಂಗಾದ ಲಾಭ ಅಷ್ಟಕ್ಕೇ ಹೋಯಿತು. ಗಾಡಿ ಈಗಲೂ ಓಡುತ್ತಿದೆ, ಭಾರ ಕಡಿಮೆ ಹೇರುತ್ತೇವೆ. ಪ್ರತಿ ವರ್ಷ ದೀಪಾವಳಿ ಪೂಜೆಗೆ ಮುಂಚೆ ಮಗ ಕೆಳಗೆ ಮಲಗಿ ಬಡಿದು ಸದ್ದು ಕೇಳುತ್ತಾನೆ. ಹೋದ ಸಲ ಬಾಮೈದನೂ ಬಂದಿದ್ದ. ಅವನ ಟಾಪಿನ ಚುಕ್ಕಿ ಈಗ ಕಾಸಿನಗಲ ಆಗಿದೆ. "ಭಾವ, ನಿಮ್ದು ಕೆಳಗಿಂದ ಹೋಯ್ತು, ನಂದು ಮೇಲಿಂದ ಹೊಂಟೈತೆ" ಅಂದ. ಉಜ್ಜಿ ಪ್ರೈಮರ್ ಹಾಕಿಸು ಅಂತ ಅವತ್ತೇ ವೈರ್ ಬ್ರಷ್ಷು ಕೊಟ್ಟು ಕಳಿಸಿದ್ದೇನೆ.